ಪೊಲೀಸರ ಮೇಲಿನ ದೂರು ಸುತ್ತಿ ಬಳಸಿ ಅದೇ ಠಾಣೆಗೆ ಬರುವುದೇಕೆ?

ಠಾಣೆಯಲ್ಲಿ ಹೊಡೆದರು ಎಂದು ಒಬ್ಬರು ಜಿಲ್ಲಾ ಪೊಲೀಸ್ ಕಚೇರಿಗೆ ಅರ್ಜಿ ಕೊಡುತ್ತಾರೆ ಎಂದುಕೊಳ್ಳಿ. ಟಪಾಲು ವಿಭಾಗದಲ್ಲಿ ಸ್ವೀಕೃತಿ ಮುದ್ರೆ ಬೀಳುತ್ತದೆ. ‘ಪರಿಶೀಲಿಸಿ ವರದಿ ಸಲ್ಲಿಸುವುದು’ ಎಂಬ ಷರಾ ಹೊತ್ತು ಅರ್ಜಿ ಎಸ್‌ಪಿ ಮೇಜಿನಿಂದ ಡಿವೈಎಸ್‌ಪಿ ಕಚೇರಿಗೆ ಇಳಿಯುತ್ತದೆ, ಅಲ್ಲಿಂದ ಇನ್‌ಸ್ಪೆಕ್ಟರ್ ಬಳಿಗೆ. ಇನ್‌ಸ್ಪೆಕ್ಟರ್ ವಿವರಣೆ ಕೇಳುವುದು ಯಾರ ಮೇಲೆ ದೂರು ಬಂದಿದೆಯೋ ಅವರನ್ನೇ. ಅವರು ಬರೆದುಕೊಟ್ಟದ್ದೇ ವರದಿಯ ತಿರುಳಾಗುತ್ತದೆ, ವರದಿ ಅದೇ ಮೆಟ್ಟಿಲು ಹತ್ತಿ ಮೇಲೆ ಹೋಗುತ್ತದೆ. ಕೊನೆಗೆ ಅರ್ಜಿದಾರರ ಕೈಗೆ ಒಂದು ಹಿಂಬರಹ ಸಿಗುತ್ತದೆ: ಆರೋಪಕ್ಕೆ ಪೂರಕ ಸಾಕ್ಷ್ಯ ಕಂಡುಬಂದಿಲ್ಲ, ಅರ್ಜಿ ಮುಕ್ತಾಯಗೊಳಿಸಲಾಗಿದೆ.

ಈ ದಾರಿಯಲ್ಲಿ ಯಾರೂ ನಿಯಮ ಮುರಿದಿರಬೇಕಿಲ್ಲ. ಪೊಲೀಸರನ್ನು ಉತ್ತರದಾಯಿ ಮಾಡಲು ನಮ್ಮಲ್ಲಿ ಕಾಯ್ದೆಗಳಿಗೂ ಕೊರತೆಯಿಲ್ಲ, ಆಯೋಗಗಳಿಗಂತೂ ಇಲ್ಲವೇ ಇಲ್ಲ. ಕೊರತೆ ಇರುವುದು ಒಂದೇ ಕಡೆ. ವಿಚಾರಣಾ ವರದಿ ಬರೆಯುವ ಕೈ ಯಾರದು ಎಂಬ ಪ್ರಶ್ನೆಯನ್ನು ಪ್ರತಿ ಕಾಯ್ದೆಯೂ ಸೋಕಿ, ಪಕ್ಕಕ್ಕೆ ಸರಿದುಹೋಗಿದೆ.

ಈ ಪ್ರಶ್ನೆ ಸರ್ಕಾರಿ ಕಾಗದದ ಮೇಲೆ ಸ್ಪಷ್ಟವಾಗಿ ಮೂಡಿದ್ದು 1855ರಲ್ಲಿ, ಮದ್ರಾಸ್ ಪ್ರಾಂತ್ಯದ ಚಿತ್ರಹಿಂಸಾ ಆಯೋಗದ ವರದಿಯಲ್ಲಿ. ಬಳ್ಳಾರಿ ಮತ್ತು ಕೆನರಾ ಆಗ ಆ ಪ್ರಾಂತ್ಯದ ಜಿಲ್ಲೆಗಳಾಗಿದ್ದರಿಂದ ಇದು ನಮ್ಮ ನೆಲದ ಚರಿತ್ರೆಯೂ ಹೌದು. 1816ರ ನಿಯಮಾವಳಿಯ ನಂತರ ಅಲ್ಲಿ ಕಂದಾಯ ವಸೂಲಿ ಮತ್ತು ಪೊಲೀಸ್ ಅಧಿಕಾರ ಎರಡೂ ತಹಶೀಲ್ದಾರನ ಕೈಯಲ್ಲಿದ್ದವು. ಕಿಸ್ತು ಕಟ್ಟದ ರೈತನನ್ನು ಹಿಡಿದು ತರುವವನೂ, ಆ ರೈತ ‘ನನ್ನನ್ನು ಹಿಂಸಿಸಿದರು’ ಎಂದು ಯಾರ ಬಳಿ ದೂರು ಕೊಡಬೇಕೋ ಅವನೂ ಒಬ್ಬನೇ. ಆಯೋಗದ ಮುಂದೆ ಖುದ್ದಾಗಿಯೂ ಪತ್ರದ ಮೂಲಕವೂ ಬಂದ ದೂರುಗಳು 1,959. ವರದಿಯಲ್ಲಿ ಮತ್ತೆ ಮತ್ತೆ ಬರುವ ಒಂದು ಸಾಧನ ಕಿಟ್ಟಿ. ಎರಡು ಮರದ ತುಂಡುಗಳನ್ನು ಒಂದು ತುದಿಯಲ್ಲಿ ಕಟ್ಟಿ, ನಡುವೆ ಬೆರಳುಗಳನ್ನಿಟ್ಟು ನಿಂಬೆಹಣ್ಣು ಹಿಂಡುವಂತೆ ಒತ್ತುವುದು. ತಡೆಯಲಾರದಷ್ಟು ನೋವಾದರೂ ಹೊರಗೆ ಹೆಚ್ಚು ಗುರುತು ಉಳಿಯುವುದಿಲ್ಲ. ಪುರಾವೆ ಸಿಗದಂತೆ ನೋಯಿಸುವ ಈ ವಿದ್ಯೆಯೇ ಮುಂದಿನ ಒಂದೂವರೆ ಶತಮಾನದ ಎಲ್ಲ ವಿಚಾರಣೆಗಳನ್ನೂ ಸೋಲಿಸುತ್ತ ಬಂದಿದೆ.

ಕಂದಾಯವನ್ನೂ ಪೊಲೀಸನ್ನೂ ಬೇರ್ಪಡಿಸಿ ಎಂದಿತು ಆಯೋಗ. 1859ರಲ್ಲಿ ಮದ್ರಾಸಿಗೆ ಪ್ರತ್ಯೇಕ ಪೊಲೀಸ್ ಕಾಯ್ದೆ ಬಂತು. 1861ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ, ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಬಳಸುವಂತಿಲ್ಲ ಎಂಬ ನಿಯಮ ಸೇರಿತು. ಮುಂದೆ ಹಳೆಯ ಸಾಕ್ಷ್ಯ ಅಧಿನಿಯಮದ 25ನೇ ಕಲಮಾಗಿದ್ದ ಅದು ಈಗ ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮು. ಪೊಲೀಸರನ್ನು ಕಾನೂನೇ ಪೂರ್ತಿ ನಂಬಲಿಲ್ಲ ಎಂಬುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಬೇಕಿಲ್ಲ.

ಆದರೆ ಅದೇ 1861ರಲ್ಲಿ ಬಂದ ಪೊಲೀಸ್ ಕಾಯ್ದೆ 1857ರ ಭಯದಲ್ಲಿ ಹುಟ್ಟಿದ್ದು. ಪಡೆ ಸರ್ಕಾರಕ್ಕೆ ವಿಧೇಯವಾಗಿರಬೇಕೆಂಬುದೇ ಅದರ ಮುಖ್ಯ ಕಾಳಜಿ. ಕರ್ತವ್ಯಲೋಪಕ್ಕೆ 29ನೇ ಕಲಮಿನಲ್ಲಿದ್ದ ಶಿಕ್ಷೆ ಮೂರು ತಿಂಗಳ ಸಂಬಳ ಅಥವಾ ಮೂರು ತಿಂಗಳ ಸೆರೆ. ಪೊಲೀಸರ ಮೇಲೆ ಮೊಕದ್ದಮೆ ಹೂಡುವವರಿಗೆ 42ನೇ ಕಲಮು ಕೊಟ್ಟ ಅವಧಿಯೂ ಮೂರೇ ತಿಂಗಳು, ಅದರೊಳಗೇ ಒಂದು ತಿಂಗಳ ನೋಟಿಸ್ ಬೇರೆ. ಹೊರಗಿನವರು ದೂರು ಕೇಳುವ ವ್ಯವಸ್ಥೆ ಅದರಲ್ಲಿರಲಿಲ್ಲ. 1902–03ರ ಫ್ರೇಸರ್ ಆಯೋಗ ಈ ಪಡೆ ಭ್ರಷ್ಟವೂ ದಬ್ಬಾಳಿಕೆಯದೂ ಆಗಿದೆ ಎಂದು ಬರೆದಿತು, ಚೌಕಟ್ಟು ಮಾತ್ರ ಹಾಗೆಯೇ ಉಳಿಯಿತು.

ಸಂವಿಧಾನ ಪೊಲೀಸನ್ನು ಏಳನೇ ಅನುಸೂಚಿಯ ರಾಜ್ಯ ಪಟ್ಟಿಗೆ ಸೇರಿಸಿತು. ಏಕೀಕರಣದ ನಂತರ ಹಳೆ ಮೈಸೂರು, ಮುಂಬಯಿ, ಹೈದರಾಬಾದ್, ಮದ್ರಾಸ್ ಭಾಗಗಳಲ್ಲಿ ಬೇರೆ ಬೇರೆ ಕಾಯ್ದೆಗಳು ನಡೆಯುತ್ತಿದ್ದವು, ಅವನ್ನು ಒಂದು ಮಾಡಿದ್ದು 1963ರ ಪೊಲೀಸ್ ಕಾಯ್ದೆ. ಇಂದಿಗೂ ಕರ್ನಾಟಕದ ಬುನಾದಿ ಕಾಯ್ದೆ ಅದೇ. ಅದರ 170ನೇ ಕಲಮನ್ನು ಪ್ರತಿ ವಕೀಲರೂ ಬಲ್ಲರು. ಅಧಿಕಾರದ ನೆರಳಿನಲ್ಲಿ ಮಾಡಿದ ಕೃತ್ಯಕ್ಕೆ ಸರ್ಕಾರದ ಮಂಜೂರಾತಿ ಇಲ್ಲದೆ ಮೊಕದ್ದಮೆಯಾಗಲಿ ದಾವೆಯಾಗಲಿ ನಿಲ್ಲದು. ಕರ್ನಾಟಕದ್ದೇ ಪ್ರಕರಣವೊಂದರಲ್ಲಿ 2020ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನಷ್ಟು ಬಿಡಿಸಿ ಹೇಳಿತು: ಅಧಿಕಾರಿ ಕರ್ತವ್ಯದ ಮಿತಿ ಮೀರಿದ್ದರೂ ಕೃತ್ಯಕ್ಕೂ ಕರ್ತವ್ಯಕ್ಕೂ ಸಮಂಜಸ ನಂಟಿದ್ದರೆ ರಕ್ಷಣೆ ಸಿಗುತ್ತದೆ, ನಂಟೇ ಇಲ್ಲದಿದ್ದರೆ ಇಲ್ಲ. ಹೀಗಾಗಿ ನ್ಯಾಯಾಲಯಕ್ಕೆ ನೇರವಾಗಿ ಖಾಸಗಿ ದೂರು ಬರೆಯುವಾಗ ಹೊಡೆತ ಎಲ್ಲಿ, ಯಾವ ಹೊತ್ತಿನಲ್ಲಿ, ಬಂಧನ ದಾಖಲಾಗುವ ಮೊದಲೋ ನಂತರವೋ ಎಂಬ ವಿವರಗಳೇ ಪ್ರಕರಣದ ಹಣೆಬರಹ ಬರೆಯುತ್ತವೆ. ದಂಡ ಪ್ರಕ್ರಿಯಾ ಸಂಹಿತೆಯ ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 218ನೇ ಕಲಮಿನ ಪ್ರಕಾರ 120 ದಿನಗಳಲ್ಲಿ ಸರ್ಕಾರ ತೀರ್ಮಾನಿಸದಿದ್ದರೆ ಮಂಜೂರಾತಿ ಸಿಕ್ಕಿದೆ ಎಂದೇ ಲೆಕ್ಕ. ರಾಜ್ಯ ಕಾಯ್ದೆಯ 170ನೇ ಕಲಮಿನಲ್ಲಿ ಅಂಥ ಗಡುವು ಬರೆದಿಲ್ಲ. ರಾಜ್ಯದ ಶಾಸಕಾಂಗ ಮನಸ್ಸು ಮಾಡಿದರೆ ಒಂದೇ ಸಾಲಿನಲ್ಲಿ ಸೇರಿಸಬಹುದಾದ ತಿದ್ದುಪಡಿ ಇದು, ಸೇರಿಸಲೇಬೇಕಾದದ್ದು ಕೂಡ.

ತುರ್ತು ಪರಿಸ್ಥಿತಿಯ ಕಹಿಯ ನಂತರ 1977ರಲ್ಲಿ ಧರ್ಮವೀರ ಅವರ ಅಧ್ಯಕ್ಷತೆಯಲ್ಲಿ ರಾಷ್ಟ್ರೀಯ ಪೊಲೀಸ್ ಆಯೋಗ ನೇಮಕವಾಯಿತು. 1981ರ ಹೊತ್ತಿಗೆ ಎಂಟು ವರದಿಗಳು ಬಂದವು. ಠಾಣೆಯಲ್ಲಿ ಸಾವು, ತೀವ್ರ ಗಾಯ, ಅತ್ಯಾಚಾರದ ಆರೋಪವಿದ್ದರೆ ನ್ಯಾಯಾಂಗ ವಿಚಾರಣೆ ಕಡ್ಡಾಯವಾಗಲಿ ಎಂದು ಮೊದಲ ವರದಿಯೇ ಕೇಳಿತ್ತು. ಇದರ ಒಂದು ಭಾಗ ಕಾನೂನಾಗಲು ಕಾಲು ಶತಮಾನ ಹಿಡಿಯಿತು. 2006ರ ಜೂನ್‌ನಲ್ಲಿ ಜಾರಿಗೆ ಬಂದ ತಿದ್ದುಪಡಿ ದಂಡ ಪ್ರಕ್ರಿಯಾ ಸಂಹಿತೆಗೆ 176(1ಎ) ಸೇರಿಸಿ, ಕಸ್ಟಡಿಯಲ್ಲಿನ ಸಾವು, ನಾಪತ್ತೆ ಮತ್ತು ಅತ್ಯಾಚಾರದ ವಿಚಾರಣೆಯನ್ನು ನ್ಯಾಯಿಕ ಮ್ಯಾಜಿಸ್ಟ್ರೇಟರಿಗೆ ವಹಿಸಿತು. ತೀವ್ರ ಗಾಯ ಅದರಲ್ಲಿಲ್ಲ. ಕೈಕಾಲು ಮುರಿಸಿಕೊಂಡು ಬದುಕಿ ಹೊರಬಂದವರು ಈ ಕಲಮಿನ ಹೊರಗೇ ಉಳಿದರು. ಚಿತ್ರಹಿಂಸೆ ತಡೆ ಮಸೂದೆ 2010ರಲ್ಲಿ ಲೋಕಸಭೆ ದಾಟಿತು, ರಾಜ್ಯಸಭೆಯ ಪ್ರವರ ಸಮಿತಿಗೆ ಹೋಗಿ, ಆ ಲೋಕಸಭೆಯ ಅವಧಿಯೊಂದಿಗೇ ಬಿದ್ದುಹೋಯಿತು.

ಆಯೋಗದ ಎಂಟು ವರದಿಗಳ ಧೂಳು ಕೊಡವಿದವರು ಉತ್ತರ ಪ್ರದೇಶ ಮತ್ತು ಅಸ್ಸಾಂನ ಪೊಲೀಸ್ ಮುಖ್ಯಸ್ಥರಾಗಿದ್ದ ಪ್ರಕಾಶ್ ಸಿಂಗ್. 1996ರಲ್ಲಿ ಅವರು ಹೂಡಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಗೆ ಸುಪ್ರೀಂ ಕೋರ್ಟ್ ತೀರ್ಪು 2006ರ ಸೆಪ್ಟೆಂಬರ್ 22ರಂದು ಹೊರಬಿತ್ತು, ಏಳು ನಿರ್ದೇಶನಗಳೊಂದಿಗೆ. ಅವುಗಳಲ್ಲಿ ಆರನೆಯದು ಪೊಲೀಸ್ ದೂರು ಪ್ರಾಧಿಕಾರ. ಅದರ ವಿವರಗಳನ್ನು ನಿಧಾನವಾಗಿ ಓದಬೇಕು, ಮುಂದೆ ರಾಜ್ಯಗಳು ಎಲ್ಲಿ ಕತ್ತರಿ ಹಾಕಿದವು ಎಂಬುದು ಆಗಲೇ ಗೊತ್ತಾಗುವುದು. ಡಿವೈಎಸ್‌ಪಿ ಹಂತದವರೆಗಿನ ಅಧಿಕಾರಿಗಳ ಮೇಲಿನ ದೂರಿಗೆ ಜಿಲ್ಲಾ ಪ್ರಾಧಿಕಾರ, ಎಸ್‌ಪಿ ಮತ್ತು ಮೇಲಿನವರಿಗೆ ರಾಜ್ಯ ಪ್ರಾಧಿಕಾರ. ಜಿಲ್ಲೆಯದಕ್ಕೆ ನಿವೃತ್ತ ಜಿಲ್ಲಾ ನ್ಯಾಯಾಧೀಶರು, ರಾಜ್ಯದ್ದಕ್ಕೆ ಹೈಕೋರ್ಟ್ ಅಥವಾ ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಅಧ್ಯಕ್ಷರು, ಹೆಸರು ಆರಿಸುವುದು ನ್ಯಾಯಾಂಗ ಕಳಿಸಿದ ಪಟ್ಟಿಯಿಂದ. ಮೂರರಿಂದ ಐವರು ಪೂರ್ಣಾವಧಿ ಸದಸ್ಯರು. ಕಸ್ಟಡಿಯ ಸಾವು, ತೀವ್ರ ಗಾಯ, ಅತ್ಯಾಚಾರದ ಜೊತೆಗೆ ಸುಲಿಗೆ, ಜಮೀನು ಅಥವಾ ಮನೆ ಕಬಳಿಕೆ, ಅಧಿಕಾರದ ಗಂಭೀರ ದುರ್ಬಳಕೆಯ ದೂರುಗಳನ್ನೂ ಜಿಲ್ಲಾ ಪ್ರಾಧಿಕಾರ ಕೇಳಬಹುದು. ಶಿಫಾರಸನ್ನು ಇಲಾಖೆ ಪಾಲಿಸಲೇಬೇಕು. ತನಿಖೆಗೆ ಸಿಐಡಿ, ಗುಪ್ತಚರ, ಜಾಗೃತ ದಳಗಳಿಂದ ನಿವೃತ್ತರಾದವರನ್ನು ಪ್ರಾಧಿಕಾರವೇ ನೇಮಿಸಿಕೊಳ್ಳಬಹುದು. ವರದಿ ಬರೆಯುವ ಕೈಯನ್ನು ಇಲಾಖೆಯಿಂದ ಹೊರಗೆ ತಂದ ಮೊದಲ ವಾಕ್ಯ ಇದು.

ಹೊಸ ಕಾಯ್ದೆ ಬರುವವರೆಗೆ ಇವು ಜಾರಿಯಲ್ಲಿರುತ್ತವೆ ಎಂದಿತು ತೀರ್ಪು. ಆ ‘ಬರುವವರೆಗೆ’ಯಲ್ಲೇ ತೂತು ಬಿತ್ತು. ನಿರ್ದೇಶನ ಒಲ್ಲದ ರಾಜ್ಯಗಳು ಅವಸರದಲ್ಲಿ ತಮ್ಮದೇ ಕಾಯ್ದೆ ಬರೆದುಕೊಂಡವು, ಬಿಹಾರದ್ದು 2007ರಲ್ಲೇ ಬಂತು. ಅನುಷ್ಠಾನ ನೋಡಲು ನೇಮಕವಾದ ನ್ಯಾಯಮೂರ್ತಿ ಕೆ.ಟಿ. ಥಾಮಸ್ ಸಮಿತಿ ಹತ್ತಿರದಿಂದ ಪರಿಶೀಲಿಸಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 2010ರ ಅದರ ವರದಿ ರಾಜ್ಯಗಳ ಉದಾಸೀನವನ್ನು ಮುಚ್ಚುಮರೆಯಿಲ್ಲದೆ ಹೇಳಿತು.

ಕರ್ನಾಟಕ ಹೊಸ ಕಾಯ್ದೆ ಮಾಡಲಿಲ್ಲ. 1963ರ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ತಂದು 20ಎ ಇಂದ ಮುಂದಿನ ಕಲಮುಗಳನ್ನು ಸೇರಿಸಿತು. ರಾಜ್ಯ ಭದ್ರತಾ ಆಯೋಗ, ಪೊಲೀಸ್ ಸಿಬ್ಬಂದಿ ಮಂಡಳಿ, 20ಸಿ ಅಡಿ ರಾಜ್ಯ ದೂರು ಪ್ರಾಧಿಕಾರ, 20ಡಿ ಅಡಿ ಜಿಲ್ಲಾ ಪ್ರಾಧಿಕಾರ. ರಾಜ್ಯ ಪ್ರಾಧಿಕಾರಕ್ಕೆ ನಿವೃತ್ತ ಹೈಕೋರ್ಟ್ ನ್ಯಾಯಮೂರ್ತಿ ಅಧ್ಯಕ್ಷರಾಗಿರಬೇಕು, ಅಲ್ಲಿಗೆ ಸರಿ. ಎಡವಿದ್ದು ಜಿಲ್ಲೆಯಲ್ಲಿ. ನಿವೃತ್ತ ಜಿಲ್ಲಾ ನ್ಯಾಯಾಧೀಶರು ಕೂರಬೇಕಿದ್ದ ಕುರ್ಚಿಯಲ್ಲಿ ಹಾಲಿ ಸೇವೆಯಲ್ಲಿರುವ, ಕಂದಾಯವನ್ನೂ ನೋಡಿಕೊಳ್ಳುವ ಆಡಳಿತಾಧಿಕಾರಿ ಕೂತರು, ಅದೇ ಜಿಲ್ಲೆಯ ಎಸ್‌ಪಿಗೂ ಒಳಗೇ ಜಾಗವಾಯಿತು. ಪೇದೆಯಿಂದ ಡಿವೈಎಸ್‌ಪಿವರೆಗಿನವರ ಮೇಲಿನ ದೂರುಗಳೆಲ್ಲ ಬರುವುದು ಇಲ್ಲಿಗೇ, ಅಂದರೆ ಜನ ನಿತ್ಯ ಎದುರಿಸುವ ಪೊಲೀಸರ ಮೇಲಿನ ದೂರುಗಳು. ಅವರ ಮೇಲಧಿಕಾರಿಯೇ ಕೂತ ಸಭೆ ಅದನ್ನು ಕೇಳುತ್ತದೆ. ಕಂದಾಯದ ಕೈಯನ್ನೂ ಪೊಲೀಸ್ ಕೈಯನ್ನೂ ಬಿಡಿಸಿ ಎಂದು 1855ರ ವರದಿ ಹೇಳಿತ್ತು, 2012ರ ತಿದ್ದುಪಡಿ ದೂರಿನ ಮೇಜಿನ ಸುತ್ತ ಎರಡನ್ನೂ ಮತ್ತೆ ಜೊತೆಗೂಡಿಸಿತು. ಕೇರಳದ 2011ರ ಕಾಯ್ದೆಯ 110ನೇ ಕಲಮಿನಲ್ಲಿಯೂ ಜಿಲ್ಲಾಧಿಕಾರಿ ಮತ್ತು ಎಸ್‌ಪಿ ಸದಸ್ಯರೇ, ಆದರೆ ಅಧ್ಯಕ್ಷರು ನಿವೃತ್ತ ಜಿಲ್ಲಾ ನ್ಯಾಯಾಧೀಶರು. ನಾವು ಅಷ್ಟನ್ನೂ ಉಳಿಸಿಕೊಳ್ಳಲಿಲ್ಲ.

ಈ ಅಧಿಕಾರಿಗಳ ದಿನಚರಿ ಬಲ್ಲವರಿಗೆ ಮುಂದಿನದನ್ನು ವಿವರಿಸಬೇಕಿಲ್ಲ. ಚುನಾವಣೆ, ಬರ, ಬಂದೋಬಸ್ತು, ಸಚಿವರ ಪ್ರವಾಸಗಳ ನಡುವೆ ಪ್ರಾಧಿಕಾರದ ಸಭೆ ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಅಷ್ಟರಲ್ಲಿ ಗಾಯ ಮಾಯುತ್ತದೆ, ಕ್ಯಾಮೆರಾ ದೃಶ್ಯ ಅಳಿಯುತ್ತದೆ, ದೂರಿಗೆ ಗುರಿಯಾದವರು ಎತ್ತಂಗಡಿಯಾಗಿ ಬೇರೆ ಠಾಣೆ ಸೇರುತ್ತಾರೆ. ಎತ್ತಂಗಡಿಯನ್ನೇ ಶಿಕ್ಷೆ ಎಂದು ತೋರಿಸುವ ಅಭ್ಯಾಸವೂ ಕೆಟ್ಟದ್ದು, ಹೊಸ ಠಾಣೆಯ ಜನ ಏನು ತಪ್ಪು ಮಾಡಿದ್ದರು? ಪೊಲೀಸ್ ಅಧಿಕಾರಿ ಒಂದು ಹುದ್ದೆಯಲ್ಲಿರಬೇಕಾದ ಅವಧಿಯ ವಿಷಯದಲ್ಲೂ ತೀರ್ಪು ಕೇಳಿದ್ದು ಕನಿಷ್ಠ ಎರಡು ವರ್ಷ, 2012ರಲ್ಲಿ ರಾಜ್ಯ ಕೊಟ್ಟದ್ದು ಒಂದೇ ವರ್ಷ. ಅದನ್ನು ಎರಡಕ್ಕೆ ಏರಿಸುವ ತಿದ್ದುಪಡಿ ಬಂದದ್ದು 2024ರಲ್ಲಿ.

ಮಾನವ ಹಕ್ಕುಗಳ ಆಯೋಗ ಇದೆಯಲ್ಲ ಎಂದು ಕೇಳಬಹುದು. ಇದೆ, ಉಪಯುಕ್ತವೂ ಹೌದು. ಆದರೆ ಘಟನೆ ನಡೆದು ಒಂದು ವರ್ಷ ಕಳೆದ ದೂರನ್ನು ಅದು ವಿಚಾರಣೆಗೆ ಎತ್ತಿಕೊಳ್ಳುವಂತಿಲ್ಲ, ಅದರ ಆದೇಶಗಳು ಶಿಫಾರಸುಗಳಷ್ಟೇ. ಅದರ ತನಿಖಾ ವಿಭಾಗಕ್ಕೆ ಅಧಿಕಾರಿಗಳನ್ನು ಒದಗಿಸುವುದೂ ರಾಜ್ಯ ಸರ್ಕಾರವೇ. ನಿಯೋಜನೆಯ ಮೇಲೆ ಬಂದ ಪೊಲೀಸ್ ಅಧಿಕಾರಿಗೆ ನಾಳೆ ಮಾತೃ ಇಲಾಖೆಗೇ ಮರಳಬೇಕೆಂಬುದು ನೆನಪಿರುತ್ತದೆ.

ಹೀಗಿರುವಾಗ ದೂರು ನಿಲ್ಲುವುದೋ ಬೀಳುವುದೋ ಎಂಬುದು ಮೊದಲ ಎರಡು ದಿನಗಳ ಕಾಗದಗಳಲ್ಲೇ ತೀರ್ಮಾನವಾಗುತ್ತದೆ. ಬಂಧನವಾದ ಕೂಡಲೇ ನಡೆಯಬೇಕಾದ ವೈದ್ಯಕೀಯ ತಪಾಸಣೆಯ ವರದಿಯ ಪ್ರತಿ ಕೇಳಿ ಪಡೆಯಬೇಕು. ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿದಾಗ ‘ಪೊಲೀಸರಿಂದ ತೊಂದರೆಯಾಯಿತೇ’ ಎಂಬ ಪ್ರಶ್ನೆಗೆ ಹೆದರಿ ‘ಇಲ್ಲ’ ಎಂದರೆ, ಆ ಒಂದು ಪದ ಮುಂದೆ ಪ್ರತಿ ವಿಚಾರಣೆಯಲ್ಲೂ ಎದುರಿಗೆ ಬಂದು ನಿಲ್ಲುತ್ತದೆ. ಸುಪ್ರೀಂ ಕೋರ್ಟಿನ 1996ರ ಡಿ.ಕೆ. ಬಸು ತೀರ್ಪಿನಿಂದ ಬಂದ, ಬಂಧಿಸುವಾಗ ಪೊಲೀಸರು ಬರೆಯಬೇಕಾದ ಬಂಧನ ಪತ್ರದಲ್ಲಿ (ಅರೆಸ್ಟ್ ಮೆಮೊ) ಸಾಕ್ಷಿಯ ಸಹಿ, ಬಂಧನದ ಹೊತ್ತು ಎರಡೂ ಇರಬೇಕು. ಬಹುಪಾಲು ಪ್ರಕರಣಗಳಲ್ಲಿ ಜಗಳ ನಡೆಯುವುದು ಆ ಹೊತ್ತಿನ ಸುತ್ತಲೇ. ಬೆಳಿಗ್ಗೆ ಮನೆಯಿಂದ ಕರೆದೊಯ್ದವರನ್ನು ಸಂಜೆ ಬಂಧಿಸಿದಂತೆ ಬರೆದರೆ ನಡುವಿನ ಗಂಟೆಗಳು ಕಾಗದದ ಮೇಲೆ ಇರುವುದೇ ಇಲ್ಲ. ಮನೆಯವರು ಕಳಿಸಿದ ವಾಟ್ಸ್‌ಆ್ಯಪ್ ಸಂದೇಶ, 112ಕ್ಕೆ ಮಾಡಿದ ಕರೆ, ಎಸ್‌ಪಿಗೆ ಹಾಕಿದ ಇಮೇಲ್ ಆಗ ಬೆಲೆಬಾಳುತ್ತವೆ.

ಆ ಗಂಟೆಗಳಿಗೆ ಇನ್ನೊಂದು ಸಾಕ್ಷಿ ಸಿಸಿಟಿವಿ. 2020ರ ಡಿಸೆಂಬರ್ 2ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಪ್ರತಿ ಠಾಣೆಯ ಬಾಗಿಲುಗಳು, ಲಾಕಪ್, ಓಣಿ, ಪಡಸಾಲೆ, ಅಧಿಕಾರಿಗಳ ಕೊಠಡಿ ಎಲ್ಲವನ್ನೂ ಧ್ವನಿಸಹಿತ ಚಿತ್ರೀಕರಿಸಬೇಕು, ರಾತ್ರಿಯೂ ಕಾಣುವ ಕ್ಯಾಮೆರಾ ಇರಬೇಕು, ದೃಶ್ಯ 18 ತಿಂಗಳು ಉಳಿಯಬೇಕು, ಅಷ್ಟು ಸಾಮರ್ಥ್ಯದ ಉಪಕರಣ ಸಿಗದಿದ್ದರೂ ಒಂದು ವರ್ಷಕ್ಕೆ ಕಡಿಮೆಯಾಗಬಾರದು ಎಂದಿತು. ಕ್ಯಾಮೆರಾ ಕೆಟ್ಟರೆ ಜಿಲ್ಲಾ ಮಟ್ಟದ ಮೇಲ್ವಿಚಾರಣಾ ಸಮಿತಿಗೆ ತಕ್ಷಣ ತಿಳಿಸಬೇಕಾದ ಹೊಣೆ ಠಾಣಾಧಿಕಾರಿಯದು. ಆದ್ದರಿಂದ ದೂರಿನ ಜೊತೆಗೇ ಎಸ್‌ಪಿಗೂ ಆ ಸಮಿತಿಗೂ ಇನ್ನೊಂದು ಅರ್ಜಿ ಕೊಡಬೇಕು: ಇಂಥ ಠಾಣೆ, ಇಂಥ ದಿನಾಂಕ, ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗಿನ ದೃಶ್ಯವನ್ನು ಅಳಿಸದೆ ತೆಗೆದಿರಿಸಿ ಎಂದು. ‘ಕ್ಯಾಮೆರಾ ಕೆಟ್ಟಿತ್ತು’ ಎಂಬ ಉತ್ತರ ಬಂದರೆ ಸಮಿತಿಗೆ ಅದನ್ನು ವರದಿ ಮಾಡಿದ ಪತ್ರದ ಪ್ರತಿಯನ್ನು ಮಾಹಿತಿ ಹಕ್ಕಿನಡಿ ಕೇಳಬೇಕು. ಪತ್ರ ಇಲ್ಲ ಎಂದಾದರೆ ಅದೇ ಒಂದು ಪ್ರತ್ಯೇಕ ಕರ್ತವ್ಯಲೋಪ. 2025ರ ಸೆಪ್ಟೆಂಬರಿನಲ್ಲಿ, ರಾಜಸ್ಥಾನದಲ್ಲಿ ಎಂಟು ತಿಂಗಳಲ್ಲಿ ಕಸ್ಟಡಿಯಲ್ಲಿ 11 ಮಂದಿ ಸತ್ತರೆಂಬ ಪತ್ರಿಕಾ ವರದಿ ನೋಡಿ, ಠಾಣೆಗಳಲ್ಲಿ ಕೆಲಸ ಮಾಡದ ಕ್ಯಾಮೆರಾಗಳ ವಿಷಯವನ್ನು ಸುಪ್ರೀಂ ಕೋರ್ಟ್ ಸ್ವಯಂಪ್ರೇರಿತವಾಗಿ ಮತ್ತೆ ಕೈಗೆತ್ತಿಕೊಂಡಿದೆ.