ಲಾಕ್ ಹಾಕಿದರೂ ಬೂಟು ಕಳಚುತ್ತಿದೆ, ಬೈಂಡಿಂಗ್ ಬದಲಿಸಬೇಕಾ?

ಓದುಗರ ಪ್ರಶ್ನೆ: ಸ್ಕೀ ಟೂರಿಂಗ್‌ಗೆ, ಅಂದರೆ ಸ್ಕೀ ಹಾಕಿಕೊಂಡೇ ಬೆಟ್ಟ ಹತ್ತಿ ಇಳಿಯಲು, ಪಿನ್ ಬೈಂಡಿಂಗ್ (ಬೂಟನ್ನು ಪಿನ್‌ಗಳಿಂದ ಸ್ಕೀಗೆ ಹಿಡಿದಿಡುವ ಸಾಧನ) ಬಳಸುತ್ತೇನೆ. ಏರು ಹತ್ತುವಾಗ, ಅದರಲ್ಲೂ ಕಿಕ್ ಟರ್ನ್ ಮಾಡುವಾಗ (ನಿಂತಲ್ಲೇ ಒಂದೊಂದೇ ಸ್ಕೀ ಎತ್ತಿ ದಿಕ್ಕು ಬದಲಿಸುವಾಗ), ಮುಂದಿನ ಪಿನ್‌ಗಳಿಂದ ಬೂಟು ಪದೇಪದೇ ಕಳಚಿಕೊಳ್ಳುತ್ತದೆ. ಲಿವರ್ ಎತ್ತಿ ಲಾಕ್ ಮಾಡಿದ್ದರೂ ಅಷ್ಟೇ. ಮನೆಗೆ ಬಂದು ನೋಡಿದರೆ ಎಲ್ಲ ಸರಿಯಾಗೇ ಇರುತ್ತದೆ. ಸ್ಪ್ರಿಂಗ್ ಸತ್ತಿದೆಯಾ? ಹೊಸದು ಕೊಳ್ಳಬೇಕಾ?

ಸದ್ಯಕ್ಕೆ ಬೇಡ. ಮನೆಯಲ್ಲಿ ಸರಿ, ಬೆಟ್ಟದಲ್ಲಿ ಕೈಕೊಡುತ್ತದೆ ಎಂದರೆ ಅರ್ಧ ಉತ್ತರ ಸಿಕ್ಕ ಹಾಗೆಯೇ. ಸ್ಪ್ರಿಂಗ್ ಮುರಿದಿದ್ದರೆ ಅದು ಮನೆಯಲ್ಲೂ ಸಡಿಲವಾಗಿರಬೇಕಿತ್ತು. ನಿಮ್ಮದು ಬಹುತೇಕ ಮಂಜುಗಡ್ಡೆಯ ತೊಂದರೆ. ಅದಲ್ಲದಿದ್ದರೆ ಬೂಟಿನ ಸೋಲ್. ಬೈಂಡಿಂಗ್‌ನದೇ ದೋಷ ಎನ್ನುವುದು ಇವೆರಡನ್ನೂ ನೋಡಿದ ಮೇಲಿನ ಮಾತು.

ಮೊದಲು ಆ ಮುಂಭಾಗ ಹೇಗೆ ಕೆಲಸ ಮಾಡುತ್ತದೆ ಎಂದು ಗಮನಿಸಿ. 1980ರ ದಶಕದಲ್ಲಿ ಆಸ್ಟ್ರಿಯಾದ ಫ್ರಿಟ್ಜ್ ಬಾರ್ಥೆಲ್ ರೂಪಿಸಿ, ಮುಂದೆ ಡೈನಾಫಿಟ್ ಕಂಪನಿ ಮಾರುಕಟ್ಟೆಗೆ ತಂದ ವಿನ್ಯಾಸ ಇದು. ಇವತ್ತು ಎಟಿಕೆ, ಪ್ಲಮ್ ಮುಂತಾದವರು ಮಾಡುವುದೂ ಇದೇ ತತ್ವದ ಮೇಲೆ. ಎರಡು ದವಡೆಗಳು, ಒಂದೊಂದರ ತುದಿಯಲ್ಲಿ ಒಂದು ಉಕ್ಕಿನ ಪಿನ್. ಬೂಟಿನ ಮೂತಿಯ ಎರಡೂ ಬದಿಯಲ್ಲಿರುವ ಉಕ್ಕಿನ ಗುಳಿಗಳಲ್ಲಿ ಆ ಪಿನ್‌ಗಳು ಕೂರುತ್ತವೆ. ದವಡೆಗಳ ಒಳತುದಿಗಳು ನಡುವೆ ಸ್ಪ್ರಿಂಗ್‌ಗಳ ಮೂಲಕ ಸೇರುತ್ತವೆ. ಬೂಟಿನಿಂದ ನಡುಭಾಗವನ್ನು ಒತ್ತಿದಾಗ ಒಳತುದಿಗಳು ಕೆಳಗಿಳಿದು, ನಡುರೇಖೆ ದಾಟಿ, ಪಿನ್‌ಗಳು ಟಪ್ಪೆಂದು ಒಳಗೆ ಬಡಿಯುತ್ತವೆ. ಅಂದರೆ ಆ ಒಳತುದಿಗಳಿಗೆ ಕೆಳಗಿಳಿಯಲು ಜಾಗ ಬೇಕು. ನಾಲ್ಕೈದು ಮಿಲಿಮೀಟರ್ ದಪ್ಪದ ಗಟ್ಟಿ ಮಂಜುಗಡ್ಡೆ ಅಲ್ಲಿ ಸೇರಿಕೊಂಡರೆ ದವಡೆ ಮುಚ್ಚಿದ ಹಾಗೆ ಕಾಣುತ್ತದೆ, ಆದರೆ ಪಿನ್ ಗುಳಿಯ ಅಂಚಿನಲ್ಲಷ್ಟೇ ನಿಂತಿರುತ್ತದೆ. ಲಿವರ್ ಎತ್ತಿದಾಗ ನೀವು ಲಾಕ್ ಮಾಡುವುದು ಆ ಅರೆಬರೆ ಸ್ಥಿತಿಯನ್ನೇ. ಕಿಕ್ ಟರ್ನ್‌ನಲ್ಲಿ ಸ್ಕೀ ಒಮ್ಮೆ ತಿರುಚಿಕೊಂಡರೆ ಸಾಕು, ಕಳಚಿತು.

ಗುರುತಿಸುವುದು ಸುಲಭ. ಮನೆಯಲ್ಲಿ, ಎಲ್ಲ ಒಣಗಿರುವಾಗ, ಬೂಟನ್ನು ಸಿಕ್ಕಿಸಿ ಲಿವರ್ ಎತ್ತಿ ಎಷ್ಟು ಕ್ಲಿಕ್ ಬರುತ್ತದೆ ಎಂದು ಎಣಿಸಿಟ್ಟುಕೊಳ್ಳಿ. ಎಡಕ್ಕೂ ಬಲಕ್ಕೂ ಬೇರೆ ಬೇರೆಯಾಗಿ ಎಣಿಸಿ, ಒಂದೇ ಜೋಡಿಯಲ್ಲೂ ವ್ಯತ್ಯಾಸ ಇರಬಹುದು. ಬೆಟ್ಟದಲ್ಲಿ ಅದಕ್ಕಿಂತ ಕಡಿಮೆ ಕ್ಲಿಕ್ ಬಂದರೆ, ಅಥವಾ ಲಿವರ್ ಎಂದಿನಷ್ಟು ಮೇಲೇಳದೆ ಬಿಗಿದುಕೊಂಡರೆ, ಕೆಳಗೆ ಮಂಜುಗಡ್ಡೆ ಇದೆ. ಎಂದಿನದಕ್ಕಿಂತ ಹೆಚ್ಚು ಕ್ಲಿಕ್ ಬಂದರೆ ಅದು ಬೇರೆ ಕಥೆ, ಗುಳಿಯೋ ಪಿನ್ನೋ ಸವೆದಿರುವ ಸೂಚನೆ. ಅದಕ್ಕೆ ಆಮೇಲೆ ಬರೋಣ.

ತೆಗೆಯುವ ಕ್ರಮ ಹೀಗೆ. ಲಿವರ್ ಒತ್ತಿ ದವಡೆ ತೆರೆದಿಡಿ. ಸ್ಪ್ರಿಂಗ್‌ನ ಅಡಿ, ದವಡೆಗಳ ನಡುವೆ, ಲಿವರ್‌ನ ಅಡಿ, ಈ ಮೂರು ಕಡೆ ಸ್ಕೀ ಪೋಲ್‌ನ (ಊರುಗೋಲಿನ) ತುದಿಯಿಂದಲೋ ಚಿಕ್ಕ ಸ್ಕ್ರೂಡ್ರೈವರ್‌ನಿಂದಲೋ ಕೆರೆದು ತೆಗೆಯಿರಿ. ಗುದ್ದಬೇಡಿ, ಚಳಿಯಲ್ಲಿ ಪ್ಲಾಸ್ಟಿಕ್ ಗಾಜಿನಂತೆ ಸೀಳುತ್ತದೆ. ಆಮೇಲೆ ಬೂಟಿನ ಗುಳಿಗಳನ್ನು ನೋಡಿ. ಕಲ್ಲುದಾರಿಯಲ್ಲಿ ನಡೆದಿದ್ದರೆ ಮಣ್ಣು, ಹಿಮದಲ್ಲಿ ನಡೆದಿದ್ದರೆ ಮಂಜುಗಡ್ಡೆ ಅದರೊಳಗೆ ಕೂತಿರುತ್ತದೆ. ದಪ್ಪ ಸೂಜಿಯಿಂದಲೋ ಮೊಳೆಯಿಂದಲೋ ತೆಗೆಯಿರಿ. ಈಗ ಬೂಟನ್ನು ಪಿನ್‌ಗಳಿಗೆ ಸಿಕ್ಕಿಸಿ, ಲಾಕ್ ಮಾಡುವ ಮೊದಲೇ ಹಿಮ್ಮಡಿಯನ್ನು ಎಂಟು ಹತ್ತು ಸಲ ಮೇಲೆ ಕೆಳಗೆ ಆಡಿಸಿ. ಉಳಿದ ಕಣಗಳನ್ನು ಪಿನ್ನೇ ಅರೆದು ಹೊರಹಾಕುತ್ತದೆ. ಆಮೇಲಷ್ಟೇ ಲಾಕ್. ಈ ಹಿಮ್ಮಡಿ ಆಡಿಸುವ ಕೆಲಸವನ್ನು ಹೆಚ್ಚಿನವರು ಬಿಟ್ಟೇಬಿಡುತ್ತಾರೆ, ಅರ್ಧದಷ್ಟು ಕಿರಿಕಿರಿ ಅಲ್ಲೇ ಹುಟ್ಟುವುದು.

ಮಂಜುಗಡ್ಡೆ ಕಟ್ಟುವುದು ಹೆಚ್ಚಾಗಿ ಶೂನ್ಯದ ಆಸುಪಾಸಿನ ಒದ್ದೆ ಹಿಮದಲ್ಲಿ, ಇಲ್ಲವೇ ಬೆಚ್ಚಗಿನ ಕಾರಿನಿಂದ ಇಳಿಸಿದ ಸ್ಕೀಯನ್ನು ನೇರ ಹಿಮದ ಮೇಲೆ ಹಾಕಿದಾಗ. ಬಿಸಿ ಲೋಹದ ಮೇಲೆ ಹಿಮ ಕರಗಿ, ನಿಮಿಷಗಳಲ್ಲಿ ಮತ್ತೆ ಗಟ್ಟಿಯಾಗುತ್ತದೆ. ಹೊರಡುವ ಹತ್ತು ಹದಿನೈದು ನಿಮಿಷ ಮೊದಲೇ ಸ್ಕೀಗಳನ್ನು ಹೊರಗೆ ಒರಗಿಸಿಡಿ. ಹಿಂದಿನ ರಾತ್ರಿ ದವಡೆಗಳ ಅಡಿಗೆ ಸಿಲಿಕೋನ್ ಸ್ಪ್ರೇ ಹೊಡೆದರೆ ಹಿಮ ಅಂಟುವುದು ಕಡಿಮೆ. ಡಿಗ್ರೀಸರ್ ಥರದ ದ್ರಾವಕ ಮಾತ್ರ ಬೇಡ, ಅದು ಒಳಗಿನ ಗ್ರೀಸನ್ನೂ ತೊಳೆದುಬಿಡುತ್ತದೆ.

ಮಂಜುಗಡ್ಡೆ ಇಲ್ಲದಿದ್ದರೂ ಕಳಚುತ್ತದೆಯೇ? ಹಾಗಿದ್ದರೆ ಸೋಲ್ ಪರೀಕ್ಷೆ. ಹೊಸ ಬೂಟು ಕೊಂಡ ಮೇಲೆ, ಅಥವಾ ಗುಲ್ಮಾರ್ಗ್‌ನಂಥ ಕಡೆ ಬೂಟು ಒಬ್ಬರಿಂದ, ಸ್ಕೀ ಇನ್ನೊಬ್ಬರಿಂದ ಬಾಡಿಗೆಗೆ ಪಡೆದಾಗ ಇದನ್ನು ತಪ್ಪಿಸಬೇಡಿ. ಸ್ಕೀಯನ್ನು ನೆಲದ ಮೇಲಿಟ್ಟು, ಬೂಟು ಸಿಕ್ಕಿಸಿ, ಲಾಕ್ ಮಾಡಿ, ಮೊಣಕಾಲು ಸ್ಕೀಗೆ ತಾಗುವಷ್ಟು ಹಿಮ್ಮಡಿಯನ್ನು ನಿಧಾನವಾಗಿ ಎತ್ತುತ್ತಾ ಹೋಗಿ. ಪಕ್ಕದಿಂದ ಇನ್ನೊಬ್ಬರು ಟಾರ್ಚ್ ಹಿಡಿದು ಮೂತಿಯ ಅಡಿಯನ್ನು ನೋಡಲಿ. ಸೋಲ್‌ನ ಮುಂದಿನ ರಬ್ಬರ್ ಹಲ್ಲು ಬೈಂಡಿಂಗ್‌ನ ತಳಪಟ್ಟಿಗೋ ಲಿವರ್‌ಗೋ ತಾಗಿದರೆ ಅದೇ ಸನ್ನೆಗೋಲಾಗಿ ಬೂಟನ್ನು ಮೇಲಕ್ಕೆ ಎಬ್ಬಿಸಿ ಪಿನ್ನಿನಿಂದ ಕಿತ್ತು ತೆಗೆಯುತ್ತದೆ. ತಾಗಿದ ಜಾಗಕ್ಕೆ ಸೀಮೆಸುಣ್ಣ ಸವರಿ ಇನ್ನೊಮ್ಮೆ ಎತ್ತಿದರೆ ಗುರುತು ಸ್ಪಷ್ಟವಾಗಿ ಬೀಳುತ್ತದೆ. ಆ ರಬ್ಬರನ್ನು ಚೂಪಾದ ಚಾಕುವಿನಿಂದ ಒಂದೊಂದೇ ಮಿಲಿಮೀಟರ್ ಕೆತ್ತಿ, ಪ್ರತಿ ಸಲವೂ ಮತ್ತೆ ಪರೀಕ್ಷಿಸಿ. ಉಕ್ಕಿನ ಗುಳಿಯ ಸುತ್ತಲಿನ ಪ್ಲಾಸ್ಟಿಕ್ ಮುಟ್ಟಬೇಡಿ.

ಮೂರನೆಯದು ಸಡಿಲ ಸ್ಕ್ರೂ. ಟೋ ಪೀಸನ್ನು, ಅಂದರೆ ಬೈಂಡಿಂಗ್‌ನ ಮುಂಭಾಗವನ್ನು, ಹಿಡಿದು ತಿರುಚಿ. ಸ್ಕೀಯ ಮೇಲ್ಪದರಕ್ಕೂ ತಳಪಟ್ಟಿಗೂ ನಡುವೆ ಕೂದಲೆಳೆಯಷ್ಟು ಚಲನೆ ಕಂಡರೂ ಅವತ್ತೇ ಸರಿಪಡಿಸಬೇಕು. ಬಿರುಕಿನಲ್ಲಿ ನೀರು ಇಳಿದರೆ ಸ್ಕೀಯ ಒಳಗಿನ ಮರ ಕೊಳೆಯುತ್ತದೆ.

ಇಲ್ಲಿ ಸ್ಕ್ರೂಡ್ರೈವರ್ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಸ್ಕೀ ಸ್ಕ್ರೂಗಳ ತಲೆ ನೋಡಲು ಮಾಮೂಲಿ ಫಿಲಿಪ್ಸ್‌ನಂತಿದ್ದರೂ ಸಾಮಾನ್ಯವಾಗಿ ಅದು ಪೋಝಿಡ್ರೈವ್ 3. ಕೆಲವು ಮಾದರಿಗಳಲ್ಲಿ ಟಾರ್ಕ್ಸ್ 20. ಫಿಲಿಪ್ಸ್ ಬಿಟ್ ಹಾಕಿದರೆ ಜಾರಿ ತಲೆ ಕೆತ್ತಿಹೋಗುತ್ತದೆ. ಹಿಂದೆ ಎಪಾಕ್ಸಿ ಅಂಟು ಹಾಕಿ ಕೂರಿಸಿದ ಸ್ಕ್ರೂ ಜಗ್ಗದಿದ್ದರೆ ಬಲ ಹಾಕಬೇಡಿ, ಬೆಸುಗೆ ಹಾಕುವ ಸಾಲ್ಡರಿಂಗ್ ಐರನ್ನನ್ನು ತಲೆಗೆ ಒಂದೆರಡು ನಿಮಿಷ ಹಿಡಿದರೆ ಅಂಟು ಮೆತ್ತಗಾಗುತ್ತದೆ.

ಸ್ಕ್ರೂ ಹೊರತೆಗೆದ ಮೇಲೆ ತೂತು ಒದ್ದೆಯಿದ್ದರೆ ಮನೆಯೊಳಗೆ ಒಂದೆರಡು ದಿನ ಒಣಗಲು ಬಿಡಿ. ತೂತಿನೊಳಗಿನ ಸ್ಕ್ರೂ ಎಳೆಗಳು (ಥ್ರೆಡ್) ಇನ್ನೂ ಹಿಡಿಯುತ್ತಿದ್ದರೆ ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿಯನ್ನು ಕಡ್ಡಿಯಿಂದ ತೂತಿನ ಗೋಡೆಗೆ ಸವರಿದರೆ ಸಾಕು. ಸ್ಕ್ರೂ ಸುಮ್ಮನೆ ಸುತ್ತುತ್ತಿದ್ದರೆ ನಯವಾದ ಸ್ಟೀಲ್ ವೂಲ್‌ನ ಕೆಲವು ಎಳೆಗಳನ್ನು ಎಪಾಕ್ಸಿಯಲ್ಲಿ ಅದ್ದಿ ತೂತಿಗೆ ತುಂಬಿ. ಸ್ಕ್ರೂ ಇಟ್ಟು ಮೊದಲು ಉಲ್ಟಾ ತಿರುಗಿಸಿ. ಹಳೆಯ ಎಳೆಗೆ ಸಣ್ಣಗೆ ಇಳಿದು ಕೂತಾಗ ಕೈಗೆ ತಿಳಿಯುತ್ತದೆ. ಅಲ್ಲಿಂದ ಬಲಕ್ಕೆ ತಿರುಗಿಸುತ್ತಾ ಬನ್ನಿ. ಕರ್ಣದ ಕ್ರಮದಲ್ಲಿ ಸ್ವಲ್ಪ ಸ್ವಲ್ಪ ಬಿಗಿ ಮಾಡಿ, ಕೊನೆಗೆ ಸುಮಾರು 4 ನ್ಯೂಟನ್ ಮೀಟರ್. ಡ್ರಿಲ್ ಯಂತ್ರದಿಂದ ಬಿಗಿಯಬೇಡಿ. 20 ಡಿಗ್ರಿ ಸೆಲ್ಸಿಯಸ್‌ನ ಕೋಣೆಯಲ್ಲಿ 24 ಗಂಟೆ ಮುಟ್ಟದೆ ಬಿಡಿ. ಸ್ಕ್ರೂ ಸಡಿಲವಾಗದಂತೆ ಹಾಕುವ ಥ್ರೆಡ್‌ಲಾಕರ್ ಅಂಟು ಇಲ್ಲಿಗೆ ಸಲ್ಲದು. ಅದು ಕೆಲವು ಬಗೆಯ ಪ್ಲಾಸ್ಟಿಕ್ಕಿಗೆ ತಗುಲಿ ಬಿರುಕು ತರಿಸುತ್ತದೆ.

ತೂತು ಪೂರ್ತಿ ಹಾಳಾಗಿದ್ದರೆ ಉಕ್ಕಿನ ಎಳೆ ಇರುವ ಇನ್ಸರ್ಟ್ ಹಾಕಿಸಬಹುದು, ಇಲ್ಲವೇ ಹಳೆಯದನ್ನು ಮುಚ್ಚಿ ಬೈಂಡಿಂಗನ್ನು ಮುಂದೆ ಹಿಂದೆ ಸರಿಸಿ ಹೊಸ ತೂತು ಕೊರೆಸಬಹುದು. ಹೊಸದಕ್ಕೂ ಹಳೆಯದಕ್ಕೂ ಮಧ್ಯದಿಂದ ಮಧ್ಯಕ್ಕೆ ಕನಿಷ್ಠ 10 ಮಿಲಿಮೀಟರ್ ಅಂತರ ಇರಲಿ. ಕೊರೆಯುವ ಅಳತೆ ಸಾಮಾನ್ಯ ಮರದ ಸ್ಕೀಗೆ 3.5 ಮಿಲಿಮೀಟರ್ ಅಗಲ, 9 ಮಿಲಿಮೀಟರ್ ಆಳ. ಲೋಹದ ಪದರವಿದ್ದರೆ ಅಗಲ 4.1. ಆಳ ಹೆಚ್ಚಾದರೆ ತಳಕ್ಕೆ ತೂತಾಗುತ್ತದೆ, ಹಾಗಾಗಿ ನಿಲ್ಲುಗಟ್ಟೆ ಇರುವ ಬಿಟ್ಟನ್ನೇ ಬಳಸಿ. ಇದನ್ನು ಅಂಗಡಿಯವರಿಗೆ ಬಿಡುವುದು ಲೇಸು.

ಹಿಂಭಾಗವನ್ನೂ ಒಮ್ಮೆ ನೋಡಿ, ಏಕೆಂದರೆ ಇಳಿಯುವಾಗ ಮುಂದೆ ಕಳಚುವುದಕ್ಕೆ ಹಿಂದಿನ ಅಂತರವೂ ಕಾರಣವಾಗಬಹುದು. ಬೂಟಿನ ಹಿಮ್ಮಡಿಗೂ, ಅದನ್ನು ಹಿಡಿಯುವ ಹಿಂದಿನ ಗೋಪುರಕ್ಕೂ ನಡುವೆ ಎಟಿಕೆ ಬೈಂಡಿಂಗ್‌ಗಳಲ್ಲಿ 4 ಮಿಲಿಮೀಟರ್, ಡೈನಾಫಿಟ್ ಸ್ಪೀಡ್ ರಾಡಿಕಲ್‌ನಲ್ಲಿ 5.5 ಮಿಲಿಮೀಟರ್ ಜಾಗ ಇರಬೇಕು. ಕೆಲವು ಮಾದರಿಗಳು ತಾಗಿಕೊಂಡೇ ಇರುವಂತೆ ಮಾಡಿದವು, ಕೈಪಿಡಿ ನೋಡಿಯೇ ಮುಂದುವರಿಯಿರಿ. ಅಂತರ ಕಡಿಮೆಯಾದರೆ ಸ್ಕೀ ಬಾಗಿದಾಗ ಗೋಪುರ ಬೂಟನ್ನು ಮುಂದಕ್ಕೆ ತಳ್ಳಿ ಮೂತಿಯನ್ನು ಬಿಡಿಸುತ್ತದೆ.

ಇದೆಲ್ಲ ಸರಿಯಾಗುವವರೆಗೆ ಇಳಿಜಾರಿನಲ್ಲೂ ಲಾಕ್ ಹಾಕಿಕೊಂಡೇ ಬರುತ್ತೇನೆ ಎಂದರೆ, ದಯವಿಟ್ಟು ಬೇಡ. ಹೆಚ್ಚಿನ ಪಿನ್ ಬೈಂಡಿಂಗ್‌ಗಳಲ್ಲಿ ಪಕ್ಕಕ್ಕೆ ಬಿಡುಗಡೆಯಾಗುವ ಮಟ್ಟ ನಿಗದಿಯಾಗುವುದು ಹಿಂದಿನ ಗೋಪುರದಲ್ಲಿ. ಆದರೆ ಮುಂದಿನ ದವಡೆ ತೆರೆಯದ ಹೊರತು ಬೂಟು ಹೊರಬರುವುದಿಲ್ಲ. ಲಾಕ್ ಆದ ಸ್ಕೀ ಬಿದ್ದಾಗ ಮೊಣಕಾಲನ್ನು ಮುರಿಯಬಹುದು, ಹಿಮಕುಸಿತದಲ್ಲಿ ನಿಮ್ಮನ್ನು ಕೆಳಕ್ಕೆಳೆಯಬಹುದು.

ಎಲ್ಲ ಮುಗಿದ ಮೇಲೂ ಕಳಚುತ್ತಿದ್ದರೆ ಈಗ ಸವೆತದ ಸರದಿ. ಇನ್ನೊಬ್ಬರ ಹೊಸ ಬೂಟನ್ನು ನಿಮ್ಮ ಬೈಂಡಿಂಗ್‌ಗೆ ಸಿಕ್ಕಿಸಿ ನೋಡಿ. ಅದು ಗಟ್ಟಿಯಾಗಿ ಕೂತರೆ ನಿಮ್ಮ ಬೂಟಿನ ಗುಳಿ ಅಂಡಾಕಾರವಾಗಿದೆ. ಅದೂ ಕಳಚಿದರೆ ಪಿನ್ ಅಥವಾ ಸ್ಪ್ರಿಂಗ್. ಪಿನ್ನಿಗೆ ಬೆಸುಗೆ ಹಾಕಿಸುವ ಸಾಹಸ ಬೇಡ, ಗಡುಸು ಉಕ್ಕು ಕಾದರೆ ಮೆತ್ತಗಾಗುತ್ತದೆ. ಟೋ ಪೀಸ್ ಮಾತ್ರ ಬಿಡಿಯಾಗಿ ಸಿಗುತ್ತದೆಯೇ ಎಂದು ಮಾರಿದವರನ್ನು ಕೇಳಿ. ತರಿಸುವ ಮೊದಲು ತೂತುಗಳ ನಡುವಿನ ಅಳತೆ ತೆಗೆದುಕೊಳ್ಳಿ, ಒಂದೇ ಕಂಪನಿಯ ಹಳೆ ಹೊಸ ಮಾದರಿಗಳ ತೂತಿನ ಜಾಗ ಬೇರೆಯಾಗಿರಬಹುದು.

ಮುಂದಿನ ಸಲ ಚೀಲದಲ್ಲಿ ಪೋಝಿಡ್ರೈವ್ 3 ಮತ್ತು ಟಾರ್ಕ್ಸ್ 20 ಬಿಟ್‌ಗಳು, ಎರಡು ಬಿಡಿ ಸ್ಕ್ರೂ, ಚಿಟಿಕೆ ಸ್ಟೀಲ್ ವೂಲ್, ಐದು ನಿಮಿಷದ ಎಪಾಕ್ಸಿ, ಒಂದಿಷ್ಟು ಸಣ್ಣ ತಂತಿ, ಎರಡು ರಬ್ಬರ್ ಸ್ಕೀ ಪಟ್ಟಿ ಇಟ್ಟುಕೊಳ್ಳಿ. ದಾರಿಯಲ್ಲಿ ದವಡೆಯೇ ಮುರಿದರೆ ಬೂಟಿನ ಮೂತಿಯ ಮೇಲಿಂದ ಸ್ಕೀಯ ಅಡಿಗೆ ಪಟ್ಟಿ ಸುತ್ತಿ ಬಿಗಿಯಬಹುದು. ಆ ಪಟ್ಟಿ ಬಿದ್ದಾಗ ಬಿಡುವುದಿಲ್ಲ, ಹಾಗಾಗಿ ಸಪಾಟು ಜಾಗದಲ್ಲಿ ನಡೆಯಲು, ಹೆಚ್ಚೆಂದರೆ ಮೆಲ್ಲಗೆ ಅಡ್ಡಡ್ಡ ಜಾರುತ್ತಾ ಇಳಿಯಲು ಮಾತ್ರ.