ಸಾವಿರ ಜನರನ್ನು ಕೇಳಿದರೆ ಸಾಕಾ?

ಪ್ರಶ್ನೆ: ಕೋಟಿಗಟ್ಟಲೆ ಜನ ಇರುವಾಗ ಬರೀ ಸಾವಿರ ಜನರನ್ನು ಮಾತಾಡಿಸಿ ಎಲ್ಲರ ಅಭಿಪ್ರಾಯ ಇದು ಅಂತ ಹೇಗೆ ಹೇಳ್ತಾರೆ? ನನ್ನನ್ನಂತೂ ಯಾರೂ ಕೇಳಿಲ್ಲ.

ಎಷ್ಟು ಸಲ ಉತ್ತರಿಸಿದರೂ ಈ ಪ್ರಶ್ನೆ ಮತ್ತೆ ಬರುತ್ತದೆ. ಇರಲಿ, ಇನ್ನೊಮ್ಮೆ ಹೇಳುತ್ತೇನೆ. ಸಾವಿರ ಜನ ಸಾಕು. ಆದರೆ ಅವರನ್ನು ಚೀಟಿ ಎತ್ತಿದ ಹಾಗೆ ಆರಿಸಿರಬೇಕು, ಎಲ್ಲರ ಹೆಸರೂ ಆ ಚೀಟಿಗಳಲ್ಲಿ ಇರಬೇಕು. ಹಾಗೆ 100 ಸಲ ಸಮೀಕ್ಷೆ ಮಾಡಿದರೆ ಸುಮಾರು 95 ಸಲ ಉತ್ತರ ನಿಜವಾದ ಶೇಕಡಾವಾರಿನಿಂದ ಹೆಚ್ಚೆಂದರೆ 3 ಅಂಶದಷ್ಟು ಮಾತ್ರ ಆಚೀಚೆ ಇರುತ್ತದೆ, ಅಂದರೆ ನಿಜ ಶೇ. 50 ಆದರೆ 47ರಿಂದ 53ರ ನಡುವೆ. ಒಟ್ಟು ಜನ ಹತ್ತು ಲಕ್ಷವಿರಲಿ, ನೂರು ಕೋಟಿಯಿರಲಿ, ಲೆಕ್ಕ ಹೆಚ್ಚುಕಡಿಮೆ ಅದೇ. ರಕ್ತ ಪರೀಕ್ಷೆಗೆ ದೊಡ್ಡ ಮೈಯವರಿಂದ ಜಾಸ್ತಿ ರಕ್ತ ತೆಗೆಯುವುದಿಲ್ಲ, ಅಲ್ವಾ? ಇನ್ನು ನಿಮ್ಮನ್ನು ಯಾಕೆ ಕೇಳಲಿಲ್ಲ ಅಂದರೆ, ನೂರು ಕೋಟಿಯಲ್ಲಿ ಸಾವಿರ ಜನರನ್ನು ಆರಿಸಿದಾಗ ನಿಮ್ಮ ಚೀಟಿ ಬರುವ ಸಾಧ್ಯತೆ 10 ಲಕ್ಷಕ್ಕೆ ಒಂದು.

ಇಷ್ಟಾದರೂ ಒಂದು ನಂಬಿಕೆ ಮಾತ್ರ ಅಲ್ಲಾಡುವುದಿಲ್ಲ: ಜಾಸ್ತಿ ಜನರನ್ನು ಕೇಳಿದಷ್ಟೂ ಉತ್ತರ ಸರಿ ಅನ್ನುವುದು. 1936ರಲ್ಲಿ ಅಮೆರಿಕದ ‘ಲಿಟರರಿ ಡೈಜೆಸ್ಟ್’ ಪತ್ರಿಕೆ ಅಧ್ಯಕ್ಷರ ಚುನಾವಣೆಗೆ ಮೊದಲು ಸುಮಾರು ಒಂದು ಕೋಟಿ ಜನರಿಗೆ ಅಂಚೆಯಲ್ಲಿ ಮಾದರಿ ಮತಪತ್ರ ಕಳಿಸಿತು. 23 ಲಕ್ಷಕ್ಕೂ ಹೆಚ್ಚು ಜನ ಉತ್ತರ ಕಳಿಸಿದರು. ಅದನ್ನು ಎಣಿಸಿ ರಿಪಬ್ಲಿಕನ್ ಪಕ್ಷದ ಅಭ್ಯರ್ಥಿ ಆಲ್ಫ್ ಲ್ಯಾಂಡನ್ ಆರಾಮಾಗಿ ಗೆಲ್ಲುತ್ತಾರೆ ಎಂದು ಬರೆಯಿತು. ಗೆದ್ದವರು ಅವರ ಎದುರಾಳಿ, ಆಗಿನ ಅಧ್ಯಕ್ಷ ರೂಸ್‌ವೆಲ್ಟ್, ಶೇ. 60ಕ್ಕೂ ಹೆಚ್ಚು ಮತ ಪಡೆದು, 48 ರಾಜ್ಯಗಳಲ್ಲಿ 46ನ್ನು ಬಾಚಿಕೊಂಡು. ಅದೇ ಚುನಾವಣೆಯಲ್ಲಿ ಜನಾಭಿಪ್ರಾಯ ಸಮೀಕ್ಷೆ ಮಾಡುತ್ತಿದ್ದ ಜಾರ್ಜ್ ಗ್ಯಾಲಪ್ ಸುಮಾರು 50 ಸಾವಿರ ಜನರ ಉತ್ತರದಿಂದ ಗೆಲ್ಲುವವರನ್ನು ಸರಿಯಾಗಿ ಹೇಳಿದ್ದರು.

ಪತ್ರಿಕೆ ಎಡವಿದ್ದು ಎರಡು ಕಡೆ. ವಿಳಾಸಗಳನ್ನು ಹೆಚ್ಚಾಗಿ ಟೆಲಿಫೋನ್ ಪುಸ್ತಕ ಮತ್ತು ಕಾರು ನೋಂದಣಿ ಪಟ್ಟಿಯಿಂದ ತೆಗೆದಿತ್ತು. ಆರ್ಥಿಕ ಕುಸಿತದ ಆ ಕಾಲದಲ್ಲಿ ಫೋನು, ಕಾರು ಇದ್ದವರು ಅನುಕೂಲಸ್ಥರು, ಅವರಲ್ಲಿ ರೂಸ್‌ವೆಲ್ಟ್‌ಗೆ ಉಳಿದವರಷ್ಟು ಬೆಂಬಲ ಇರಲಿಲ್ಲ. ಮೇಲಾಗಿ ನಾಲ್ಕರಲ್ಲಿ ಮೂವರು ಉತ್ತರ ಬರೆಯಲೇ ಇಲ್ಲ. ರೂಸ್‌ವೆಲ್ಟ್ ಬೇಡ ಅನ್ನುವವರೇ ಹೆಚ್ಚು ಉತ್ಸಾಹದಿಂದ ಬರೆದಿದ್ದರು. ಇಂಥ ಓರೆ ಇನ್ನೂ ಒಂದು ಕೋಟಿ ಪತ್ರ ಕಳಿಸಿದರೂ ಹೋಗುವುದಿಲ್ಲ. ಚೀಟಿ ಎತ್ತುವಾಗಿನ ಏರುಪೇರನ್ನು ಅರ್ಧ ಮಾಡಲು ನಾಲ್ಕು ಪಟ್ಟು ಜನ ಸಾಕು. ತಪ್ಪು ಪಟ್ಟಿಯನ್ನು ಸಂಖ್ಯೆ ತಿದ್ದುವುದಿಲ್ಲ. ಹಾಗಾಗಿ ‘ಲಕ್ಷ ಜನ ವೋಟು ಹಾಕಿದ್ದಾರೆ’ ಅನ್ನುವ ಆನ್‌ಲೈನ್ ಸಮೀಕ್ಷೆಯನ್ನು ದಯವಿಟ್ಟು ನನಗೆ ಸಾಕ್ಷಿಯಾಗಿ ಕಳಿಸಬೇಡಿ. ಅಲ್ಲಿ ಜನರನ್ನು ಯಾರೂ ಆರಿಸಿಲ್ಲ, ತಾವಾಗಿಯೇ ಬಂದವರು ಅವರು.

ಯಾರೂ ಕೇಳದ ಇನ್ನೊಂದು ಮಾತಿದೆ, ನನಗೆ ಅದೇ ಮುಖ್ಯ. ಪ್ರಶ್ನೆಯನ್ನು ಯಾವ ಪದಗಳಲ್ಲಿ ಕೇಳಿದರು? 1941ರಲ್ಲಿ ಸಂಶೋಧಕ ಡೊನಾಲ್ಡ್ ರಗ್ ಪ್ರಕಟಿಸಿದ ಪ್ರಯೋಗದಲ್ಲಿ ಪ್ರಜಾಪ್ರಭುತ್ವದ ವಿರುದ್ಧದ ಭಾಷಣಗಳ ಬಗ್ಗೆ ಅಮೆರಿಕನ್ನರನ್ನು ಎರಡು ರೀತಿ ಕೇಳಲಾಗಿತ್ತು. ಕೆಲವರಿಗೆ ‘ನಿಷೇಧಿಸಬೇಕೇ’, ಉಳಿದವರಿಗೆ ‘ಅವಕಾಶ ಕೊಡಬೇಕೇ’. ನಿಷೇಧಿಸಿ ಅಂದವರಿಗಿಂತ ಅವಕಾಶ ಕೊಡಬೇಡಿ ಅಂದವರ ಪಾಲು ತುಂಬಾ ಜಾಸ್ತಿ ಇತ್ತು. ಎರಡರ ಪರಿಣಾಮ ಒಂದೇ ಆದರೂ ‘ನಿಷೇಧ’ ಅನ್ನುವುದು ಜನರಿಗೆ ಕಠಿಣವಾಗಿ ಕೇಳಿಸುತ್ತದೆ. ಅದಕ್ಕೇ ನಾನು ಸಮೀಕ್ಷೆಯ ವರದಿ ಕೈಗೆ ಬಂದ ಕೂಡಲೇ ಶೇಕಡಾ ನೋಡುವುದಿಲ್ಲ, ಕೇಳಿದ ಪ್ರಶ್ನೆಯನ್ನು ಹುಡುಕುತ್ತೇನೆ. ಪ್ರಶ್ನೆಯನ್ನೇ ಅಚ್ಚು ಹಾಕಿಲ್ಲವಾದರೆ ಮುಂದೆ ಓದುವುದಿಲ್ಲ.