ಟಾರ್ನೆಡೊ ಆಲಿ ನಿಜಕ್ಕೂ ಎಲ್ಲಿದೆ? ಬರೀ ಮ್ಯಾಪ್ ನಂಬ್ಕೊಂಡ್ರೆ ಕೆಟ್ರಿ

ಏಪ್ರಿಲ್ ಬಂತಂದ್ರೆ ಅಮೆರಿಕದಲ್ಲಿ ಒಂದೇ ಚರ್ಚೆ, ಟಾರ್ನೆಡೊ ಆಲಿ, ಅಂದ್ರೆ ಸುಂಟರಗಾಳಿ ಜಾಸ್ತಿ ಬರೋ ಪಟ್ಟಿ, ಇನ್ನೂ ಟೆಕ್ಸಾಸ್, ಒಕ್ಲಹೋಮಾ, ಕಾನ್ಸಾಸ್ ಕಡೆನೇ ಇದ್ಯಾ ಇಲ್ಲಾ ಅಲಬಾಮಾ ಕಡೆ ಜರುಗ್ತಾ ಅಂತ. ಡಲ್ಲಾಸ್ ಕಡೆ ಸೆಟಲ್ ಆಗಿರೋ ನಮ್ಮೋರಿಗೂ ಇದು ಬರೀ ಹರಟೆ ವಿಷ್ಯ ಅಲ್ಲ ಬಿಡಿ.

ಮೊದಲು ಆ ಹೆಸರಿನ ಕತೆ. 1948ರ ಮಾರ್ಚ್ 20ಕ್ಕೆ ಒಕ್ಲಹೋಮಾದ ಟಿಂಕರ್ ವಾಯುನೆಲೆಗೆ ಸುಂಟರಗಾಳಿ ನುಗ್ಗಿ ವಿಮಾನಗಳನ್ನ ಪುಡಿ ಮಾಡ್ತು. ಐದೇ ದಿನಕ್ಕೆ ಅಲ್ಲಿನ ಹವಾಮಾನ ಅಧಿಕಾರಿಗಳಾದ ಫಾಬುಶ್ ಮತ್ತು ಮಿಲ್ಲರ್ ಚಾರ್ಟ್ ನೋಡಿ ಇವತ್ತೂ ಅದೇ ಲಕ್ಷಣ ಇದೆಯಲ್ಲಾ ಅಂತ ಮುನ್ಸೂಚನೆ ಕೊಟ್ರು, ಸಂಜೆ ಬಂದೇಬಿಡ್ತು! 1952ರಲ್ಲಿ ಇದೇ ಜೋಡಿ ತಮ್ಮ ಅಧ್ಯಯನಕ್ಕೆ ಇಟ್ಟ ಹೆಸರು ಟಾರ್ನೆಡೊ ಆಲಿ. ಒಂದು ಫೈಲಿನ ಹೆಸರು ಊರೆಲ್ಲಾ ಓಡಾಡ್ತು ಅಷ್ಟೇ.

ಕೆಳಗೆ ಮೆಕ್ಸಿಕೋ ಕೊಲ್ಲಿಯ ಬೆಚ್ಚನೆ ತೇವದ ಗಾಳಿ, ಅದರ ಮೇಲೆ ಪಶ್ಚಿಮದಿಂದ ಒಣ ಗಾಳಿ, ಇನ್ನೂ ಮೇಲೆ ಜೆಟ್ ಸ್ಟ್ರೀಮ್ ಅನ್ನೋ ಭಾರೀ ವೇಗದ ಗಾಳಿಯ ಹರಿವು, ಎತ್ತರಕ್ಕೆ ಹೋದಂಗೆ ಗಾಳಿಯ ವೇಗ ದಿಕ್ಕು ಎರಡೂ ಬದಲಾಗ್ತಾ ಹೋದ್ರೆ ಮೋಡನೇ ತಿರುಗೋಕೆ ಶುರು ಮಾಡುತ್ತೆ. ಇದೇ ಸ್ಥಿತಿ ನಾಲ್ಕಾರು ರಾಜ್ಯಗಳ ಮೇಲೆ ಇಡೀ ದಿನ ಕೂತ್ರೆ ಸುಂಟರಗಾಳಿ ಒಂದರ ಹಿಂದೆ ಒಂದು ಹುಟ್ತಾವೆ, ಅದನ್ನೇ ಔಟ್‌ಬ್ರೇಕ್ ಅನ್ನೋದು. 1925ರಲ್ಲಿ ಒಂದೇ ಗಾಳಿ ಮಿಸೌರಿ, ಇಲಿನಾಯ್, ಇಂಡಿಯಾನಾ ದಾಟಿ 695 ಜನರನ್ನ ಬಲಿ ತಗೊಳ್ತು, 1974ರ ಏಪ್ರಿಲ್ 3-4ಕ್ಕೆ 148 ಸುಂಟರಗಾಳಿ ಬಂದು ಓಹಾಯೋ, ಕೆಂಟಕಿ, ಅಲಬಾಮಾ ಎಲ್ಲಾ ಚಿಂದಿ. ಆಲಿ ಎಲ್ಲಿ, ಹೆಣ ಬಿದ್ದಿದ್ದೆಲ್ಲಿ?

2011ನ್ನ ನೋಡಿ. ಏಪ್ರಿಲ್ 25ರಿಂದ 28ರೊಳಗೆ 360 ಸುಂಟರಗಾಳಿ, 300ಕ್ಕೂ ಹೆಚ್ಚು ಸಾವು, ಅದ್ರಲ್ಲಿ 200ಕ್ಕೂ ಹೆಚ್ಚು ಅಲಬಾಮಾ ಒಂದರಲ್ಲೇ. 27ರ ಬೆಳಗಿನ ಜಾವವೇ ಒಂದು ಬಿರುಗಾಳಿ ಸಾಲು ಬಂದು ಕರೆಂಟ್ ಕಂಬಗಳನ್ನ ಕೆಡವಿ ಹೋಗಿತ್ತು, ಹಂಗಾಗಿ ಮಧ್ಯಾಹ್ನ ಅಸಲಿ ಗಂಡಾಂತರ ಬರೋ ಹೊತ್ತಿಗೆ ಎಷ್ಟೋ ಮನೇಲಿ ಟಿವಿನೇ ಇಲ್ಲ. ಸಂಜೆ ಟಸ್ಕಲೂಸಾ ಊರಿಗೆ ಗಾಳಿ ನುಗ್ಗಿದ್ದನ್ನ ಟವರ್ ಕ್ಯಾಮೆರಾ ಲೈವ್ ತೋರಿಸ್ತಿತ್ತು, ಕರೆಂಟ್ ಇದ್ದೋರು ನೋಡಿದ್ರು. ಆ ಕಡೆ ಗುಡ್ಡ, ಕಾಡು ಜಾಸ್ತಿ, ಕಾನ್ಸಾಸ್ ಬಯಲಲ್ಲಿ ಕಂಡಂಗೆ ದೂರದಿಂದ ಕಾಣಲ್ಲ, ರಾತ್ರಿ ಬರೋದೂ ಹೆಚ್ಚು. ಮೇಲಾಗಿ ಮೊಬೈಲ್ ಹೋಮ್‌ಗಳು, ಅಂದ್ರೆ ಪಾಯ ಇಲ್ಲದೆ ಪಟ್ಟಿ ಬಿಗಿದು ನೆಲಕ್ಕೆ ಕಟ್ಟಿರೋ ಡಬ್ಬಿ ಥರದ ಮನೆ. ಬಾತ್‌ರೂಮಿಗೆ ಹೋಗಿ ಅಡಗ್ಕೊಳ್ಳಿ ಅನ್ನೋ ಸಲಹೆ ಇಲ್ಲಿ ಕೆಲಸಕ್ಕೆ ಬರಲ್ಲ, ಬಾತ್‌ರೂಮ್ ಸಮೇತ ಮನೆನೇ ಮಗುಚುತ್ತೆ.

2018ರಲ್ಲಿ ಗೆನ್ಸಿನಿ, ಬ್ರೂಕ್ಸ್ ಅನ್ನೋ ಸಂಶೋಧಕರು 1979ರಿಂದೀಚೆಗೆ ಸುಂಟರಗಾಳಿಗೆ ಬೇಕಾದ ವಾತಾವರಣ ಬಯಲುಸೀಮೆಯಲ್ಲಿ ಇಳೀತಾ, ಪೂರ್ವದ ಕಡೆ ಏರ್ತಾ ಇದೆ ಅಂದ್ರು. ಈಗಲೂ ಲೆಕ್ಕದಲ್ಲಿ ಟೆಕ್ಸಾಸೇ ಮುಂದೆ, ರಾಜ್ಯ ಅಷ್ಟು ದೊಡ್ಡದಿದ್ರೆ ಇನ್ನೇನು! 2021ರಲ್ಲಂತೂ ಡಿಸೆಂಬರ್ ಚಳೀಲೇ, ರಾತ್ರಿ ಹೊತ್ತು ಕೆಂಟಕಿಯ ಮೇಫೀಲ್ಡ್ ನೆಲಸಮ ಆಯ್ತು, ಅದೇ ಗಾಳಿಗೆ ಸಿಕ್ಕ ಡಾಸನ್ ಸ್ಪ್ರಿಂಗ್ಸ್ ಊರಿನ ಒಂದು ಮನೆಯ 1942ರ ಫೋಟೋ ಸುಮಾರು 200 ಕಿಲೋಮೀಟರ್ ಹಾರಿ ಇಂಡಿಯಾನಾದಲ್ಲಿ ಯಾರದೋ ಕಾರಿನ ಗಾಜಿಗೆ ಅಂಟ್ಕೊಂಡಿತ್ತು.

ಅಂದಂಗೆ, ಅತಿ ಹೆಚ್ಚು ಜನರನ್ನ ಕೊಂದ ಸುಂಟರಗಾಳಿ ಅಂತ ದಾಖಲಾಗಿರೋದು ಅಮೆರಿಕದ್ದೇ ಅಲ್ಲ. 1989ರ ಏಪ್ರಿಲ್ 26ಕ್ಕೆ ಬಾಂಗ್ಲಾದೇಶದ ಮಾಣಿಕ್‌ಗಂಜ್ ಜಿಲ್ಲೆಗೆ ಬಂದಿದ್ದು, ಸತ್ತೋರು ಸುಮಾರು 1300.